ಅರಕಲಗೂಡಿನ ಸೋದರತ್ತೆ

ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಒಂದು ಗಾಜಿನ ಗಟ್ಟಿಯನ್ನು ಅಡ್ಡ ಇಟ್ಟಿದ್ದೇನೆ. ಅಂಗೈಯಗಲ ಇದೆ, ಭಾರವೂ ಇದೆ. ಮೇಲೆ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಗುರುತು, ಕೆಳಗೆ ನಮ್ಮ ಅಮೂಲ್ಯ ಪರಿಣತರಿಗೆ ಕೃತಜ್ಞತೆಗಳು ಎಂದು ಇಂಗ್ಲಿಷಿನಲ್ಲಿ ಕೊರೆದಿದ್ದಾರೆ. ಐದು ವರ್ಷ ಆ ಕಂಪನಿಯ ಕೆಲಸವನ್ನು ಬಿಟ್ಟಿ ಮಾಡಿಕೊಟ್ಟಿದ್ದಕ್ಕೆ ನನಗೆ ಬಂದ ಮರ್ಯಾದೆ ಅದು. ನೋಡಿದವರು ಇಂಥಾದ್ದನ್ನು ನೆಲದಲ್ಲಿ ಇಡುತ್ತಾರೆಯೇ ಎನ್ನುತ್ತಾರೆ. ಬಾಗಿಲಿಗಂತೂ ಚೆನ್ನಾಗಿ ಒಗ್ಗಿದೆ.

ನಾನು ಹೊಳೆನರಸೀಪುರದಲ್ಲಿ ಟೈಪಿಂಗ್ ಕಲಿಸಿಕೊಂಡು ಬಂದವಳು. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಎಂಟು ಟೈಪ್‌ರೈಟರುಗಳು ಬೆಳಿಗ್ಗೆ ಆರರಿಂದ ಬಡಿದುಕೊಳ್ಳುತ್ತಿದ್ದವು. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದ ಹುಡುಗಿಯರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಮೆಟ್ಟಿಲು ಖಾಲಿಯಾಯಿತು. ನಾನೂ ಎರಡು ಕಂಪ್ಯೂಟರ್ ತಂದೆ. ಕಲಿಸುವವರು ಯಾರೂ ಇರಲಿಲ್ಲ, ಕೆಡಿಸಿ ಕೆಡಿಸಿ ನಾನೇ ಕಲಿತೆ. ಫೋನಿನ ತಂತಿ ಸಿಕ್ಕಿಸಿ ಇಂಟರ್‌ನೆಟ್ ಹಾಕಿಸಿದ ಮೇಲೆ ಆ ಕಂಪನಿಯ ಸಹಾಯದ ತಾಣ ಕಣ್ಣಿಗೆ ಬಿತ್ತು.

ಅಲ್ಲಿನ ವ್ಯವಸ್ಥೆ ಎಂಥದ್ದೆಂದರೆ, ಕಾಸು ಕೊಟ್ಟು ಕಂಪನಿಯ ಸಾಫ್ಟ್‌ವೇರ್ ಕೊಂಡು ಕೈ ಸುಟ್ಟುಕೊಂಡವರು ಪ್ರಶ್ನೆ ಹಾಕುವುದು, ಗೊತ್ತಿದ್ದ ಬೇರೆ ಗಿರಾಕಿಗಳು ಉತ್ತರ ಬರೆಯುವುದು. ಕಂಪನಿಯವರು ಉತ್ತರಿಸಿದ್ದನ್ನು ನಾನು ಅಪರೂಪಕ್ಕೂ ಕಾಣಲಿಲ್ಲ. ಪ್ರಶ್ನೆ ಕಂಡರೆ ಸುಮ್ಮನಿರಲಾರದ ರೋಗ ನನಗೆ ಮೊದಲಿನಿಂದಲೂ ಇದೆ. ಮಧ್ಯಾಹ್ನ ಎರಡು ಬ್ಯಾಚುಗಳ ನಡುವೆ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಉತ್ತರ ಬರೆಯತೊಡಗಿದೆ.

ಟೈಪಿಂಗ್‌ನವಳ ಕೈ, ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಕಚೇರಿ ಪತ್ರವಾಗುತ್ತಿತ್ತು. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಮಾನ್ಯರೇ, ಆಮೇಲೆ ಉತ್ತರ. ಕಾರ್ಬನ್ ಹಾಳೆ ಇಟ್ಟು ಒಂದು ಪ್ರತಿ ಉಳಿಸಿಕೊಳ್ಳದೆ ಯಾವ ಪತ್ರವನ್ನೂ ಕಳಿಸಿದವಳಲ್ಲ ನಾನು. ಹಾಗಾಗಿ ಪ್ರತಿ ಉತ್ತರವನ್ನೂ ಪ್ರಿಂಟ್ ತೆಗೆದು, ದಿನಾಂಕ ಹಾಕಿ, ಬಾಕ್ಸ್ ಫೈಲಿಗೆ ಸೇರಿಸುತ್ತಿದ್ದೆ. ನನ್ನ ಮಾನ್ಯರೇ ನೋಡಿ ತಾಣದಲ್ಲಿ ನಗುತ್ತಿದ್ದರು. ನಗಲಿ ಎಂದುಕೊಂಡೆ.

ಹೆಸರಿನ ವಿಷಯದಲ್ಲಿ ಮಾತ್ರ ಮೂರ್ಖಳಾದೆ. ಅಣ್ಣ ದೇವಸ್ಥಾನದಲ್ಲಿ ಪೂಜೆಗಿದ್ದವನು. ಮನೆ ಹೆಣ್ಣುಮಗಳ ಹೆಸರು ಲೋಕಕ್ಕೆಲ್ಲ ಕಾಣುವ ಹಾಗೆ ಹಾಕುತ್ತಾರೆಯೇ ಎಂದ. ನಾನೂ ಹೌದಲ್ಲ ಎಂದುಕೊಂಡು ಟೈಪಿಂಗ್ ಟೀಚರ್ ಎಂದಷ್ಟೇ ಹಾಕಿದೆ. ಐದು ವರ್ಷ ಬರೆದದ್ದೆಲ್ಲ ಆ ಹೆಸರಿನಲ್ಲೇ ಹೋಯಿತು.

ಕಂಪನಿ ನಕ್ಷತ್ರ ಕೊಡುತ್ತಿತ್ತು. ಇಷ್ಟು ಉತ್ತರಕ್ಕೆ ಒಂದು ನಕ್ಷತ್ರ, ಅಷ್ಟು ಉತ್ತರಕ್ಕೆ ಎರಡು. ಮೊದಲು ಸದಸ್ಯ, ಆಮೇಲೆ ಅನುಭವಿ, ಕೊನೆಗೆ ಪರಿಣತ. ಶಿಶುವಿಹಾರದಲ್ಲಿ ಮಕ್ಕಳ ಕೈ ಮೇಲೆ ಮುದ್ರೆ ಒತ್ತುತ್ತಾರಲ್ಲ, ಹಾಗೆ. ಬೈಯುವ ಹಕ್ಕು ನನಗೇನೂ ಇಲ್ಲ, ನಾಲ್ಕನೇ ನಕ್ಷತ್ರ ಬಂದ ದಿನ ಮನೆಗೆ ಹೋಗುತ್ತಾ ಜಿಲೇಬಿ ಕಟ್ಟಿಸಿಕೊಂಡು ಹೋದವಳು ನಾನೇ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ನಕ್ಷತ್ರ ತಂದುಕೊಟ್ಟದ್ದು ಒಂದು ಉದ್ದನೆಯ ಉತ್ತರ. ಒಂದೇ ಪತ್ರವನ್ನು ನೂರು ಜನಕ್ಕೆ, ಅವರವರ ಹೆಸರು ವಿಳಾಸ ತಾನಾಗಿ ಕೂರುವಂತೆ ಕಳಿಸುವುದು ಹೇಗೆಂದು ಯಾರೋ ಕೇಳಿದ್ದರು. ಅದಕ್ಕೆ ಮೇಲ್ ಮರ್ಜ್ ಎನ್ನುತ್ತಾರೆ. ಆಗ ಅಣ್ಣನ ಮಗನ ಉಪನಯನದ ಕರೆಯೋಲೆಗಳನ್ನು ನಾನು ಅದೇ ರೀತಿ ತಯಾರಿಸುತ್ತಿದ್ದೆ. ಆ ಪಟ್ಟಿಯನ್ನೇ ಉದಾಹರಣೆಯಾಗಿ ಇಟ್ಟೆ: ಚಿಕ್ಕಪ್ಪ, ಹಾಸನ. ಬೀಗರು, ಚನ್ನರಾಯಪಟ್ಟಣ. ಸೋದರತ್ತೆ, ಹಳೇ ಅಂಚೆ ಕಚೇರಿಯ ಹಿಂದೆ, ಅರಕಲಗೂಡು.

ಅದಾಗಿ ಎರಡು ವರ್ಷ ಕಳೆದ ಮೇಲೆ ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಹುದ್ದೆಗೆ ಅರ್ಜಿ ಕರೆದರು. ನನ್ನ ಬಳಿ ಉಳಿದಿದ್ದವರು ಆರು ಜನ ವಿದ್ಯಾರ್ಥಿಗಳು, ಅದರಲ್ಲಿ ಇಬ್ಬರು ಆ ತಿಂಗಳೇ ಬಿಡುವವರು. ಕಾಲೇಜಿನವರು ಇಟ್ಟಿದ್ದ ವಯಸ್ಸಿನ ಮಿತಿಯಿಂದ ಇನ್ನೊಂದು ವರ್ಷ ಕಳೆದರೆ ನಾನು ಹೊರಗೆ. ಅನುಭವಕ್ಕೆ ಕಾಗದದ ಆಧಾರ ಬೇಕೆಂದಿದ್ದರು. ಐದು ವರ್ಷದ ಅನುಭವವನ್ನು ಕಂಪನಿ ತಾನೇ ಕಣ್ಣಾರೆ ಕಂಡಿದೆ, ಎರಡು ಸಾಲು ಬರೆದುಕೊಟ್ಟರೆ ಸಾಕು ಎಂದುಕೊಂಡೆ. ನನ್ನ ಪೂರ್ತಿ ಹೆಸರಿನಲ್ಲಿ ಒಂದು ಪತ್ರ ಕೊಡಿ ಎಂದು ಕೇಳಿದೆ.

ಪತ್ರದ ಬದಲು ಪಾರ್ಸೆಲ್ ಬಂತು. ಅದರೊಳಗೆ ಈ ಗಾಜು, ನಾನೂ ಅಣ್ಣನೂ ಒಟ್ಟಿಗೆ ತೂರಬಹುದಾದ ಒಂದು ಟೀ ಶರ್ಟು, ಟೈಪಿಂಗ್ ಟೀಚರ್ ಅವರನ್ನು ವರ್ಷದ ಪರಿಣತರೆಂದು ಗುರುತಿಸಲಾಗಿದೆ ಎನ್ನುವ ಸರ್ಟಿಫಿಕೇಟು. ಹೆಸರು ತಿದ್ದಿಕೊಡಿ ಎಂದು ಮತ್ತೆ ಬರೆದೆ, ಅದಾದ ಮೇಲೆ ಮತ್ತೊಮ್ಮೆ. ಬಂದ ಉತ್ತರ ಬಹಳ ಮಧುರವಾಗಿತ್ತು. ನಿಮ್ಮಂಥವರೇ ನಮ್ಮ ಸಮುದಾಯದ ಪ್ರಾಣ, ಆದರೆ ನೀವು ನಮ್ಮ ನೌಕರರಲ್ಲ, ಸ್ವಯಂಸೇವಕರ ಬಗ್ಗೆ ಪತ್ರ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಕಂಪನಿಯ ಜೊತೆ ಸಂಬಂಧ ಇದೆಯೆಂದು ಎಲ್ಲಿಯೂ ಹೇಳಿಕೊಳ್ಳಬೇಡಿ. ಕೆಲಸ ಮಾಡಿಸಿಕೊಳ್ಳುವಾಗ ಇಲ್ಲದ ಮಡಿ ಕಾಗದ ಕೊಡುವಾಗ ಎಲ್ಲಿಂದ ಬಂತೋ ಕಾಣೆ.

ಸಂದರ್ಶನಕ್ಕೆ ಬಾಕ್ಸ್ ಫೈಲನ್ನೇ ಹೊತ್ತುಕೊಂಡು ಹಾಸನದ ಬಸ್ಸು ಹತ್ತಿದೆ. ಮೂವರು ಕೂತಿದ್ದರು. ನಡುವೆ ಇದ್ದ ನಿವೃತ್ತ ಪ್ರಿನ್ಸಿಪಾಲರು ಸರ್ಟಿಫಿಕೇಟು ನೋಡಿ, ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎಂದು ಪಕ್ಕಕ್ಕಿಟ್ಟರು. ಆಮೇಲೆ ಹೊಳೆಯುವ ರಟ್ಟಿನ ಒಂದು ಪುಸ್ತಕ ತೆಗೆದರು. ಕಂಪನಿ ಕಾಲೇಜುಗಳಿಗೆಂದು ಕಳಿಸಿದ ಪಾಠದ ಪುಸ್ತಕ ಅದು. ಈ ವರ್ಷದಿಂದ ಇದನ್ನೇ ಕಲಿಸಬೇಕು, ಈ ಪುಟ ಸ್ವಲ್ಪ ವಿವರಿಸಿ ಎಂದು ನನ್ನ ಮುಂದಿಟ್ಟರು.

ಪುಟದಲ್ಲಿ ಮೇಲ್ ಮರ್ಜ್ ಇತ್ತು. ನನ್ನ ಉತ್ತರ, ಅಕ್ಷರಕ್ಕೆ ಅಕ್ಷರ. ಮಾನ್ಯರೇ ಎನ್ನುವುದನ್ನು ಮಾತ್ರ ಕಿತ್ತಿದ್ದರು. ಹಾಸನದ ಚಿಕ್ಕಪ್ಪ, ಚನ್ನರಾಯಪಟ್ಟಣದ ಬೀಗರು, ಹಳೇ ಅಂಚೆ ಕಚೇರಿಯ ಹಿಂದಿನ ನಮ್ಮತ್ತೆ, ಎಲ್ಲರೂ ಇಂಗ್ಲಿಷಿನಲ್ಲಿ ಸಾಲಾಗಿ ಕೂತಿದ್ದರು. ಪುಸ್ತಕದ ಮೊದಲ ಪುಟದಲ್ಲಿ, ರಚನೆ ಕಂಪನಿಯ ತಜ್ಞರ ತಂಡ ಎಂದಿತ್ತು.

"ಸಾರ್, ಇದು ನಾನು ಬರೆದಿದ್ದು. ಈ ಸೋದರತ್ತೆ ನಮ್ಮತ್ತೆ," ಎಂದೆ.

ಮೂವರೂ ನಕ್ಕರು. ಪ್ರಿನ್ಸಿಪಾಲರಿಗೆ ಆ ಊರಿನ ಹೆಸರು ಆಗಲೇ ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ. ಹೆಮ್ಮೆಯಿಂದ ಪಕ್ಕದವರಿಗೆ ತೋರಿಸಿ, "ನೋಡಿ, ಎಂಥಾ ಕಂಪನಿ. ನಮ್ಮ ಅರಕಲಗೂಡನ್ನೂ ಬಿಟ್ಟಿಲ್ಲ. ಎಷ್ಟು ಸ್ಟಡಿ ಮಾಡಿರಬೇಕು ಅವರು," ಎಂದರು.

ನಾನು ಫೈಲು ಬಿಚ್ಚಿ ನನ್ನ ಪ್ರತಿ ತೋರಿಸಿದೆ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ದಿನಾಂಕ ನೋಡಿ ಸಾರ್, ಪುಸ್ತಕಕ್ಕಿಂತ ಎರಡು ವರ್ಷ ಹಿಂದಿನದು ಎಂದೆ. ದಿನಾಂಕ ಯಾರು ಬೇಕಾದರೂ ಟೈಪ್ ಮಾಡಬಹುದಲ್ಲಮ್ಮ ಎಂದರು. ಸಿಟ್ಟಿನಿಂದಲ್ಲ, ಕನಿಕರದಿಂದ. "ಪುಸ್ತಕ ನೋಡ್ಕೊಂಡು ಚೆನ್ನಾಗಿ ಟೈಪ್ ಮಾಡಿದ್ದೀರಿ. ಸ್ಪೀಡ್ ಎಷ್ಟು ನಿಮ್ಮದು?" ಎಂದು ಕೇಳಿದರು. ಸ್ಪೀಡ್ ಹೇಳಿದೆ. ಫೈಲು ಮುಚ್ಚಿಕೊಂಡು ಎದ್ದೆ. ಬಸ್ ಸ್ಟ್ಯಾಂಡಿನವರೆಗೂ ನಡೆದುಕೊಂಡೇ ಬಂದೆ.

ಕೆಲಸ ನನಗೆ ಸಿಗಲಿಲ್ಲ. ನನ್ನ ಉತ್ತರಗಳನ್ನೆಲ್ಲ ಅಳಿಸಿಹಾಕಿ ಎಂದು ಕಂಪನಿಗೆ ಬರೆದೆ. ತಾಣದಲ್ಲಿ ಬರೆದದ್ದನ್ನು ಬಳಸಿಕೊಳ್ಳುವ ಹಕ್ಕು ತಮ್ಮದೆಂದು ಮೊದಲ ದಿನವೇ ನಾನು ಒಪ್ಪಿದ್ದೇನೆ ಎಂದು ತಿಳಿಸಿದರು. ಒಪ್ಪಿದ್ದು ನಿಜ. ತಾಣ ಸೇರುವಾಗ ಒಪ್ಪಿಗೆಯ ಒಂದು ಚೌಕದೊಳಗೆ ಒತ್ತಿದ್ದೆ. ಅದೇ ಪತ್ರದ ಕೊನೆಯಲ್ಲಿ, ಇನ್ನು ಸ್ವಲ್ಪ ಉತ್ತರ ಬರೆದರೆ ಐದನೇ ನಕ್ಷತ್ರ ಎಂದೂ ಇತ್ತು. ಅವತ್ತು ಗಾಜು ಮೇಜಿನಿಂದ ಇಳಿದು ಬಾಗಿಲಿಗೆ ಹೋಯಿತು.

ಒಂದು ತಿಂಗಳು ಕಳೆದಿರಬೇಕು. ಶನಿವಾರ ಮಧ್ಯಾಹ್ನ ಮೂವತ್ತರ ಆಸುಪಾಸಿನ ಒಬ್ಬಾತ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಬಾಗೂರು ಕಡೆಯ ರೈತರ ಮನೆಯವನು, ಹಾಸನದ ಆ ಕಾಲೇಜಿನಲ್ಲಿ, ನಾನು ಕೇಳಿದ್ದ ಹುದ್ದೆಗೇ, ಹೊಸದಾಗಿ ಸೇರಿದ್ದಾನಂತೆ. ಕಂಕುಳಲ್ಲಿ ಅದೇ ಹೊಳೆಯುವ ರಟ್ಟಿನ ಪುಸ್ತಕ.

"ಮೇಡಂ, ಈ ಪುಟ ಒಂದು ತಲೆಗೇ ಅತ್ತುತ್ತಿಲ್ಲ. ಸೋಮವಾರ ಕ್ಲಾಸಲ್ಲಿ ಏಳ್ಕೊಡ್ಬೇಕು. ಯಾರ್ನ ಕೇಳುದ್ರೂ ನಿಮ್ಮತ್ರ ಓಗು ಅಂದ್ರು," ಎಂದು ತೆಗೆದು ತೋರಿಸಿದ. ನಮ್ಮತ್ತೆ ಇದ್ದ ಪುಟ.

ಕೂರಿ ಎನ್ನಲಿಲ್ಲ ನಾನು. ಬಾಗಿಲಿಗೆ ಬಂದವರಿಗೆ ನೀರೂ ಕೊಡದೆ ನಿಲ್ಲಿಸಿದ್ದು ಅದೇ ಮೊದಲು. ಆ ಪುಸ್ತಕ ಬರೆದವರನ್ನೇ ಹೋಗಿ ಕೇಳಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬರೆದವಳ ಹತ್ತಿರವೇ ತಾನೇ ಬಂದಿದ್ದ. ಮೇಲಾಗಿ ಪ್ರಶ್ನೆ ಕಂಡರೆ ಬಿಡಲಾರದ ನನ್ನ ರೋಗ. ಕಂಪನಿ ಐದು ವರ್ಷ ಉಂಡದ್ದು ಆ ರೋಗವನ್ನೇ.

"ಹೇಳ್ಕೊಡ್ತೀನಿ. ಮೊದಲು ಒಂದು ಕಾಗದ ಬರ್ದುಕೊಡಿ," ಎಂದೆ.

ಏನಂತ ಬರೆಯಬೇಕು ಎಂದು ಕೇಳಿದ.

"ಈ ಪುಟ ಬರೆದವಳು ನಾನು, ನಿಮಗೆ ಕಲಿಸಿದವಳೂ ನಾನು ಅಂತ. ನನ್ನ ಹೆಸರು ಪೂರ್ತಿ ಬರೀಬೇಕು."

ಬಾಕ್ಸ್ ಫೈಲು ತೆಗೆದು ನನ್ನ ಪ್ರತಿ ತೋರಿಸಿದೆ. ಆತ ನಿಂತಲ್ಲೇ ಓದಿದ, ಪುಸ್ತಕ ನೋಡಿದ, ನನ್ನನ್ನು ನೋಡಿದ. ವಾದ ಮಾಡಲಿಲ್ಲ. "ಬರ್ಕೊಡ್ತೀನಿ ಮೇಡಂ, ಅದ್ರಲ್ಲೇನೈತೆ," ಎಂದ.

ಕುರ್ಚಿ ತೋರಿಸಿದೆ. ಅರ್ಧ ಹಾಳೆಯಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆದ. ನನ್ನ ಇನಿಷಿಯಲ್ ಏನೆಂದು ಕೇಳಿ ಅದನ್ನೂ ಸೇರಿಸಿದ. ಕಂಪನಿಗೆ ಮೂರು ಸಲ ಬರೆದರೂ ಬಾರದಿದ್ದ ಪತ್ರ ನಾಲ್ಕು ಸಾಲಿನಲ್ಲಿ ಮುಗಿಯಿತು. ಕೆಳಗೆ ಸಹಿ ಹಾಕಿದ. ಸಹಿಯ ಕೆಳಗೆ, ನಾನು ಕೇಳದಿದ್ದರೂ, ತನ್ನ ಹುದ್ದೆ ಬರೆದ.