ಮುಚ್ಚಿದ ಬಾಗಿಲಿನ ಮುಂದೆ

ಬುದ್ಧ ಪೂರ್ಣಿಮೆಯ ಬೆಳಿಗ್ಗೆ ದೇಹೂ ರೋಡಿನ ಆ ಓಣಿಯಲ್ಲಿ ಎಲ್ಲ ಮನೆಗಳ ಬಾಗಿಲೂ ತೆರೆದಿರುತ್ತಿದ್ದವು, ಕಾಶವ್ವನ ಮನೆಯದೊಂದು ಬಿಟ್ಟು. ಇಂಡಿ ತಾಲೂಕಿನಿಂದ ಗಡಿಯಾಚೆಯ ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ಪಾರವ್ವ ಕಟ್ಟಪ್ಪಣೆ ಮಾಡಿದ್ದಳು: "ಆ ಸಾಲಿ ಹುಡುಗ್ರು ಬರೂ ಹೊತ್ತಿಗೆ ಅಗಳಿ ಹಾಕಬೇಕು." ಅರಿವೆ ಅಂಗಡಿಯಲ್ಲಿ ಗಿರಾಕಿಗಳೆದುರು ಅರಳು ಹುರಿದಂತೆ ಮಾತಾಡುವ ಗಂಡ ಬಸವಲಿಂಗನೂ ತಾಯಿಯ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ.

ಆ ಶಾಲೆ ಓಣಿಯ ತುದಿಯಲ್ಲಿದೆ. ಬೌದ್ಧ ಧರ್ಮಕ್ಕೆ ಬಂದ ದಲಿತ ಕೂಲಿಕಾರರು ತಮ್ಮ ಗಂಡುಮಕ್ಕಳಿಗಾಗಿ ತಗಡಿನ ಶೆಡ್ಡಿನಲ್ಲಿ ಶುರು ಮಾಡಿದ್ದು. ಹಗಲೆಲ್ಲ ದುಡಿದು ಬಂದು, ಸಂಜೆ ತಾವೇ ಇಟ್ಟಿಗೆ ಹೊತ್ತು ಗೋಡೆ ಎಬ್ಬಿಸಿದರಂತೆ. ಈಗ ಮೂರಂತಸ್ತಿನ ಕಟ್ಟಡ, ಅಂಗಳದಲ್ಲಿ ದೊಡ್ಡ ಅರಳಿಮರ. ಪೂರ್ಣಿಮೆಯ ದಿನ ಹುಡುಗರು ಬಿಳಿ ಬಟ್ಟೆ ಉಟ್ಟು, ಬರಿಗಾಲಲ್ಲಿ, ಬಟ್ಟಲು ಹಿಡಿದು ಮನೆಮನೆಗೆ ಬರುತ್ತಾರೆ. ಬೇಡುವಂತಿಲ್ಲ, ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ. ಕೊಟ್ಟ ಮನೆಗೆ ಮಂಗಳದ ಒಂದು ಸಾಲು ಹೇಳುವುದು ಬಿಟ್ಟರೆ ಮಾತೂ ಇಲ್ಲ. ಎಲ್ಲರಿಗಿಂತ ಮುಂದೆ ಶಾಲೆಯ ಅತಿ ಹಳೆಯ ವಿದ್ಯಾರ್ಥಿ ನಡೆಯಬೇಕು.

ಮೊದಲ ವರ್ಷ ಕಾಶವ್ವ ಕಿಟಕಿಯ ಸಂದಿನಿಂದ ನೋಡಿದಳು. ಮುಚ್ಚಿದ ಮನೆಯನ್ನು ದಾಟಿ ಹೋಗುತ್ತಾರೆ ಎಂದುಕೊಂಡಿದ್ದಳು. ದಾಟಲಿಲ್ಲ. ಸಾಲಿಗೆ ಸಾಲೇ ನಿಂತಿತು. ಅಗಳಿ ಹಾಕಿದ ಬಾಗಿಲಿಗೆ ತಲೆಬಾಗಿ, ಕೊಟ್ಟವರಿಗೆ ಹೇಳಿದ ಅದೇ ಮಂಗಳವನ್ನು ಹೇಳಿ ಮುಂದೆ ಹೋಯಿತು. ಮರುವರ್ಷವೂ ಹಾಗೆಯೇ. ಅವಳ ಕೂದಲು ನೆರೆಯುವವರೆಗೂ ಹಾಗೆಯೇ. ಇಷ್ಟೊಂದು ಮಂದಿಗೆ ಒಮ್ಮೆಯೂ ಸಿಟ್ಟು ಬರಲಿಲ್ಲವೇ ಎಂಬುದು ಅವಳಿಗೆ ಬಗೆಹರಿಯದು. ಅದಕ್ಕೇ ಆ ದಿನವನ್ನು ವರ್ಷವಿಡೀ ಕಾಯುತ್ತಿದ್ದಳು.

ಇತ್ತೀಚೆಗೆ ಸಾಲಿನ ಮುಂದೆ ನಡೆಯುತ್ತಿದ್ದವರು ಕಾಂತಪ್ಪನವರು. ಕಲಬುರಗಿ ಕಡೆಯ ಕೂಲಿಯ ಮಗ. ತಗಡಿನ ಶೆಡ್ಡಿನಲ್ಲಿ ಓದಿ, ಅಲ್ಲೇ ಮಾಸ್ತರಾಗಿ ನಿವೃತ್ತರಾದವರು. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಕಾಶವ್ವ ಧೈರ್ಯ ಮಾಡಿ ಕೇಳಿಯೇಬಿಟ್ಟಳು, ಮುಚ್ಚಿದ ಬಾಗಿಲ ಮುಂದೆ ಯಾಕೆ ನಿಲ್ಲುತ್ತೀರಿ ಎಂದು.

"ಬಾಗ್ಲಾ ಮುಚ್ಚೇದ ಅಂದ್ರ ಮನಿ ಖಾಲಿ ಅದ ಅಂತೇನ್ರಿ ಅಕ್ಕಾರ? ಒಳಗ ಮಂದಿ ಇರ್ತಾರಲ್ರಿ," ಎಂದರು ಅವರು.

ಹೋದ ದೀಪಾವಳಿಗೆ ಪಾರವ್ವ ತೀರಿಕೊಂಡಳು. ಇನ್ನು ಬಾಗಿಲು ಮುಚ್ಚಿದರೆ ಅದು ಅತ್ತೆಯದಲ್ಲ, ತನ್ನದೇ ಪಾಪ. ಈ ಪೂರ್ಣಿಮೆಗೆ ಕಾಶವ್ವ ನಸುಕಿನಲ್ಲೇ ಎದ್ದು ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದಳು. ಅಗಳಿ ತೆಗೆದು ಹೊಸ್ತಿಲ ಮೇಲೆ ನಿಂತಳು. ನಿಯಮಕ್ಕಾಗಿ ತೆಗೆದುಕೊಂಡಾರು, ಈ ಮನೆಯದನ್ನು ಮನಸಾರೆ ತೆಗೆದುಕೊಂಡಾರೇ ಎಂದುಕೊಳ್ಳುತ್ತ ಓಣಿಯ ತುದಿಯತ್ತ ನೋಡುತ್ತಿದ್ದಳು.

ಸಾಲು ಬಂದು ನಿಂತಿತು. ಕಾಂತಪ್ಪನವರು ಬಟ್ಟಲು ಚಾಚಿದರು. ಕಾಶವ್ವನ ಕೈ ತಾನಾಗಿಯೇ ಮೇಲೆದ್ದು, ಎಲ್ಲೂ ತಾಕದಂತೆ, ಗೇಣೆತ್ತರದಿಂದ ರೊಟ್ಟಿಯನ್ನು ಬಿಟ್ಟಿತು. ಇಂಥವರಿಗೆ ಹೀಗೇ ಹಾಕಬೇಕೆಂದು ಅತ್ತೆ ಕಲಿಸಿದ್ದು. ರೊಟ್ಟಿ ಬಟ್ಟಲಿನ ಅಂಚಿಗೆ ಬಡಿದು ಮಣ್ಣಿಗೆ ಬಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಕಲಿತ ಗುಣ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಕಾಂತಪ್ಪನವರು ಬಗ್ಗಿ ರೊಟ್ಟಿ ಎತ್ತಿಕೊಂಡು, ಮಣ್ಣು ಊದಿ, ಬಟ್ಟಲಿಗೆ ಹಾಕಿಕೊಂಡರು. ತಲೆಬಾಗಿ ಮಂಗಳ ಹೇಳಿದರು. ಆದರೆ ಹೊರಡಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುತ್ತಿದ್ದರಲ್ಲ, ಹಾಗೆಯೇ ನಿಂತರು. ಹಿಂದೆ ಸಾಲೆಲ್ಲ ನಿಂತಿತು.

ಬಾಗಿಲು ತೆರೆದೇ ಇದೆಯಲ್ಲ, ಇನ್ನೇನು ಕಾಯುತ್ತಿದ್ದಾರೆ ಎಂದುಕೊಂಡ ಕಾಶವ್ವನ ಕಣ್ಣು ತನ್ನ ಕೈಯ ಮೇಲೆ ಬಿತ್ತು. ಅದು ಇನ್ನೂ ಮೇಲೆಯೇ ಇತ್ತು. ಇನ್ನೊಂದು ರೊಟ್ಟಿ ತೆಗೆದುಕೊಂಡು ಹೊಸ್ತಿಲು ಇಳಿದಳು. ಬಟ್ಟಲು ಹಿಡಿದ ಅವರ ಬೆರಳುಗಳ ಮೇಲೆ ಎಡಗೈ ಇಟ್ಟು, ಗಟ್ಟಿಯಾಗಿ ಹಿಡಿದು, ರೊಟ್ಟಿಯನ್ನು ಬಟ್ಟಲೊಳಗೆ ಇಟ್ಟಳು.

ಕಾಂತಪ್ಪನವರು ಮುಂದಿನ ಮನೆಗೆ ಹೆಜ್ಜೆ ಕಿತ್ತದ್ದು ಆಗ.