ಬೀರೂರಿಗೆ ಮೊದಲು

ಹೋದ ತಿಂಗಳು ದಾವಣಗೆರೆಗೆ ಹೋಗುವ ರೈಲಿನಲ್ಲಿ ಕೂತಿದ್ದೆ. ಅರಸೀಕೆರೆ ಬಿಟ್ಟು ಸ್ವಲ್ಪ ಹೊತ್ತಿಗೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು, ಎದುರು ಸೀಟಿನವರಿಗೆ ಎಳೆ ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಟ್ಟಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಪಕ್ಕದ ಸೀಟಿನ ಮೇಲೆ ಹೋಯಿತು, ಯಾರಿಗೋ ಜಾಗ ಹಿಡಿಯುವ ಹಾಗೆ. ಅಲ್ಲಿ ಆಗಲೇ ಒಬ್ಬರು ಕೂತಿದ್ದರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಏನಿಲ್ಲ ಸಾರ್’ ಎಂದೆ. ಏನಿಲ್ಲದೆ ಕೈ ಯಾಕೆ ಹೋಗುತ್ತದೆ…

ತೊಂಬತ್ತರ ದಶಕದ ಕೊನೆಯ ಮಾತು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಹೊಸದು. ನನಗೆ ದಾವಣಗೆರೆಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ಅರಸೀಕೆರೆಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದರೆ ಮತ್ತೆ ಊರಿನ ಮುಖ ನೋಡುತ್ತಿದ್ದುದು ಶನಿವಾರ ಸಂಜೆ. ನಾನು ಟೀಚರಕ್ಕ ಎಂದು ಕರೆಯುತ್ತಿದ್ದವರು ಹತ್ತುತ್ತಿದ್ದುದು ಮುಂದಿನ ಸ್ಟೇಷನ್ ಬಾಣಾವರದಲ್ಲಿ. ಅವರದು ಹಳೇಬೀಡಿನ ಹತ್ತಿರದ ಮಾದಿಹಳ್ಳಿ, ಭತ್ತ ತೆಂಗು ಬೆಳೆಯುವ ಮನೆ. ದಾವಣಗೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಮೊದಲನೇ ಬಸ್ಸಿಗೆ ಬಂದು ಏದುಸಿರು ಬಿಡುತ್ತಾ ಅವರು ಬೋಗಿ ಹತ್ತುವಷ್ಟರಲ್ಲಿ ನಾನು ಟವೆಲ್ ಹಾಸಿ ಸೀಟು ಹಿಡಿದಿರಬೇಕು. ಅದಕ್ಕೆ ಪ್ರತಿಯಾಗಿ ಸೌತೆಕಾಯಿ ಅವರದು. ನಮ್ಮ ಸ್ನೇಹ ಶುರುವಾದದ್ದೇ ಹೀಗೆ.

ನನಗೆ ಹುಟ್ಟಿನಿಂದ ಬಂದ ಕಾಯಿಲೆ ಒಂದಿದೆ, ಕುತೂಹಲ. ಟೀಚರಕ್ಕನಿಗೆ ಮೂವತ್ತು ದಾಟಿದ್ದರೂ ಮದುವೆ ಯಾಕಾಗಿಲ್ಲ ಎಂದು ಎರಡನೇ ಸೋಮವಾರವೇ ಕೇಳಿಬಿಟ್ಟಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

‘ಉಪ್ಪಿಟ್ಟು ಕೇಸರಿಬಾತು ತಟ್ಟೆ ಹಿಡ್ಕೊಂಡು ತಲೆ ತಗ್ಗಿಸಿ ನಿಲ್ಲೋದು ಸಾಕಾಗೈತೆ ಕಣೇ. ಬಂದೋರೆಲ್ಲ ನನ್ನ ಮುಖ ನೋಡ್ತಾರೆ, ನಾನು ಅವ್ರ ಕಾಲ್ಬೆರಳು ನೋಡ್ತೀನಿ. ಬೆರಳು ನೋಡಿ ಒಪ್ಕೊಳ್ಳೋದು ಹೆಂಗೆ?’

ಆದರೆ ಬೇಡ ಎಂದು ಕೂರುವ ಹಾಗೂ ಇರಲಿಲ್ಲ. ತಂಗಿಗೆ ಹಾಸನದ ಕಡೆಯ ಒಳ್ಳೆಯ ಸಂಬಂಧ ಗಟ್ಟಿಯಾಗಿತ್ತು. ಹಿರಿಯವಳದು ಆಗದೆ ಕಿರಿಯವಳಿಗೆ ಧಾರೆಯೆರೆಯುವುದಿಲ್ಲ ಎಂದು ತಂದೆಯ ಹಟ. ಸಂಕ್ರಾಂತಿಯವರೆಗೆ ಕಾಯುತ್ತೇವೆ, ಆಮೇಲೆ ನಮ್ಮ ದಾರಿ ನಮಗೆ ಎಂದು ಗಂಡಿನವರು ಹೇಳಿ ಕಳಿಸಿದ್ದರು. ತಂಗಿ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲವಂತೆ. ಭಾನುವಾರ ರಾತ್ರಿ ಅಕ್ಕನ ಬ್ಯಾಗು ಜೋಡಿಸಿಕೊಡುತ್ತಾ ಮೂಗೆಳೆಯುತ್ತಿದ್ದಳಂತೆ, ಅಷ್ಟೆ. ಅದನ್ನು ಹೇಳುವಾಗ ಟೀಚರಕ್ಕ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಬೀರೂರಿನ ಸಂಬಂಧವೊಂದು ಬಂತು. ಗಂಡು ದಾವಣಗೆರೆಯ ಕೋರ್ಟಿನಲ್ಲಿ ಟೈಪಿಸ್ಟು, ನಮ್ಮ ಹಾಗೆಯೇ ಸೋಮವಾರ ಹೋಗಿ ಶನಿವಾರ ಬರುವವನು. ಟೀಚರಕ್ಕ ತಂದೆಗೆ ಒಂದೇ ಮಾತು ಹೇಳಿದರು: ನೋಡುವುದಾದರೆ ರೈಲಿನಲ್ಲೇ ನೋಡಲಿ. ಬೀರೂರಿನಿಂದ ದಾವಣಗೆರೆಯವರೆಗೆ ಬೇಕಾದಷ್ಟು ಹೊತ್ತಿದೆ. ಕೂತು ಮಾತಾಡೋಣ.

‘ರೈಲಲ್ಲಿ ಹೆಣ್ಣು ತೋರ್ಸ್ತಾರೇನವ್ವಾ? ಕಂಡೋರು ಏನಂದಾರು?’ ಎಂದು ತಂದೆ ಕೂಗಾಡಿದರಂತೆ. ಸಂಕ್ರಾಂತಿ ಹತ್ತಿರ ಬರುತ್ತಿತ್ತಲ್ಲ, ಕೊನೆಗೆ ಒಪ್ಪಿದರು. ಆದರೂ ತಮ್ಮ ಬುದ್ಧಿ ಬಿಡಲಿಲ್ಲ. ಗಂಡಿನ ಮನೆಗೆ ಕಳಿಸಿದ ಫೋಟೋ ಮಗಳು ಕಾಲೇಜಿನಲ್ಲಿದ್ದಾಗ ತೆಗೆಸಿದ್ದು, ಎರಡು ಜಡೆಯದು.

ಆ ಸೋಮವಾರ ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ನೋಡಲು ಬರುತ್ತಿದ್ದುದು ಅವರನ್ನು, ಸಡಗರ ಮಾತ್ರ ನನ್ನದು. ಬೀರೂರಿನಲ್ಲಿ ಗಂಡು ತನ್ನ ಅಕ್ಕನ ಗಂಡನ ಜೊತೆ ಹತ್ತಿದ. ಆ ಭಾವ ದೊಡ್ಡ ಮೀಸೆಯ ಮನುಷ್ಯ. ಬೋಗಿಯನ್ನೆಲ್ಲ ಒಮ್ಮೆ ನೋಡಿ, ನೆಟ್ಟಗೆ ನನ್ನ ಎದುರಿಗೆ ಬಂದು ಕೂತ.

‘ಫೋಟೋಕ್ಕಿಂತ ಒಂಚೂರು ದಪ್ಪ ಆಗಿದೀಯಲ್ಲಮ್ಮಾ’ ಎಂದ.

ನನ್ನನ್ನೇ ಹೆಣ್ಣು ಅಂದುಕೊಂಡಿದ್ದ. ಟೀಚರಕ್ಕನ ಕಡೆ ನೋಡಿದೆ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು. ಅವರಿಗೆ ಒಂದು ಯೋಚನೆ ಹೊಳೆದುಬಿಟ್ಟಿತ್ತು ಅಂತ ಕಾಣುತ್ತದೆ. ತನ್ನನ್ನು ನೋಡಲು ಬಂದ ಗಂಡನ್ನು, ಅವನಿಗೆ ಗೊತ್ತಾಗದ ಹಾಗೆ ತಾನೇ ನೋಡಬಹುದಲ್ಲ.

ಸರಿ, ಭಾವನ ಪ್ರಶ್ನೆಗಳಿಗೆಲ್ಲ ನಾನೇ ತಲೆಯೊಡ್ಡಿದೆ. ಮುದ್ದೆ ತೊಳಸಲು ಬರುತ್ತದಾ, ಹಾಡು ಬರುತ್ತದಾ, ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಾ… ಒಂದಕ್ಕೂ ನೆಟ್ಟಗೆ ಉತ್ತರ ಕೊಟ್ಟ ನೆನಪಿಲ್ಲ. ನನ್ನ ಕಿವಿಯೆಲ್ಲ ಪಕ್ಕದಲ್ಲಿತ್ತು. ಅಲ್ಲಿ ಗಂಡು, ದಾರಿಯಲ್ಲಿ ಸಿಕ್ಕ ಸಹಪ್ರಯಾಣಿಕರ ಜೊತೆ ಮಾತಾಡುವ ಹಾಗೆ, ಟೀಚರಕ್ಕನ ಜೊತೆ ಮಾತಾಡುತ್ತಿದ್ದ. ಸ್ಕೂಲ್ ಟ್ರಿಪ್ಪಿನಲ್ಲಿ ಹಳೇಬೀಡಿಗೆ ಹೋಗಿದ್ದನಂತೆ. ದೇವಸ್ಥಾನದ ಹೊರಗೆ ಬಿಟ್ಟ ಹೊಸ ಚಪ್ಪಲಿ ಕಳೆದುಹೋಗಿ ಬಿಸಿಲಲ್ಲಿ ಕುಣಿದದ್ದು ಬಿಟ್ಟರೆ ಒಂದು ಶಿಲ್ಪವೂ ನೆನಪಿಲ್ಲವಂತೆ. ಟೀಚರಕ್ಕ ಗಟ್ಟಿಯಾಗಿ ನಕ್ಕರು. ‘ನಮ್ಮೂರ ಕಡೆ ಗುಡಿ ನೋಡಿ ಬಂದೋರೆಲ್ಲ ಶಿಲಾಬಾಲಿಕೆ ಅಂತಾರೆ. ನಿಜ ಹೇಳಿದೋರು ನೀವೊಬ್ರೇ’ ಎಂದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಚಿಕ್ಕಜಾಜೂರು ದಾಟಿದ ಮೇಲೆ ಭಾವ ತೊಡೆ ತಟ್ಟಿ, ‘ಹುಡ್ಗಿ ನಮ್ಗೆ ಒಪ್ಗೆ’ ಎಂದ. ಇನ್ನು ಮುಚ್ಚಿಡುವ ಹಾಗಿರಲಿಲ್ಲ.

‘ಹುಡ್ಗಿ ಅವ್ಳಲ್ಲ, ನಾನು’ ಎಂದರು ಟೀಚರಕ್ಕ.

ಭಾವನ ಮುಖ ಕೆಂಪಾಯಿತು. ‘ನಮ್ಮನ್ನ ಏನಂತ ತಿಳ್ಕೊಂಡಿದೀರಿ? ಮಾನವಂತರ ಮನೆ ಹೆಣ್ಣು ಹಿಂಗೆ ಆಟ ಆಡ್ಸ್ತಾಳಾ?’ ಬೋಗಿಯವರೆಲ್ಲ ನಮ್ಮ ಕಡೆ ತಿರುಗಿದರು. ಆತ ಮಾತ್ರ ನೆಲ ನೋಡುತ್ತಾ ಕೂತಿದ್ದ. ದಾವಣಗೆರೆ ಬಂದಾಗ ಭಾವನ ಹಿಂದೆಯೇ ಇಳಿದು ಹೋದ. ಪ್ಲಾಟ್‌ಫಾರಂ ಮೇಲೆ ಟೀಚರಕ್ಕ, ‘ಹೋಯ್ತು ಬಿಡು ಕಣೇ’ ಎಂದರು. ಆಮೇಲೆ ಮೆಲ್ಲಗೆ, ‘ತಂಗಿಗೆ ಏನಂತ ಹೇಳ್ಲಿ?’ ಎಂದರು. ನನಗೆ ಅಳು ಬಂದುಬಿಟ್ಟಿತ್ತು.

ಮುಂದಿನ ಸೋಮವಾರ ಬೀರೂರಿನಲ್ಲಿ ಆತ ಮತ್ತೆ ಹತ್ತಿದ. ಒಬ್ಬನೇ. ನಮ್ಮ ಎದುರಿಗೆ ನಿಂತು, ‘ಹೋದ ವಾರ ನಾನು ಹತ್ತಿದಾಗ್ಲೇ ಹುಡ್ಗಿ ನೀವೇ ಅಂತ ಗೊತ್ತಾಗಿತ್ತು’ ಎಂದ. ‘ಬಾಗಿಲಲ್ಲಿ ಕಾಲು ಇಳಿಬಿಟ್ಟಿದ್ದ ಹುಡುಗ್ರಿಗೆ, ಕಾಲು ಒಳಗೆ ತಗೊಳ್ರೋ ಅಂದ್ರಿ. ಎಲ್ರೂ ತಗೊಂಡ್ರು. ಟೀಚರ್ ಯಾರು ಅಂತ ಗೊತ್ತಾಗೋಕೆ ಅದಕ್ಕಿಂತ ಇನ್ನೇನ್ ಬೇಕು?’

ಟೀಚರಕ್ಕ ನಗಲಿಲ್ಲ. ‘ಗೊತ್ತಿದ್ದೂ, ನಿಮ್ ಭಾವ ಬೈಯುವಾಗ ಯಾಕೆ ಬಾಯಿ ಬಿಡ್ಲಿಲ್ಲ?’

‘ಅದಕ್ಕೇ ಬಂದಿರೋದು’ ಎಂದ ಆತ.

ಟೀಚರಕ್ಕ ನನ್ನ ಕಡೆ ನೋಡಿದರು. ಜೀವಮಾನದಲ್ಲೇ ಮೊದಲ ಸಲ ನಾನು, ಯಾರೂ ಹೇಳದೆ, ಕೇಳಬೇಕಾದ ಮಾತು ಬಿಟ್ಟು ಎದ್ದು ಹೋದೆ. ಬಾಗಿಲ ಹತ್ತಿರ ನಿಂತಿದ್ದೆ. ಅಜ್ಜಂಪುರ ಹೋಯಿತು, ಚಿಕ್ಕಜಾಜೂರು ಹೋಯಿತು. ಅವರಿಬ್ಬರ ಮಾತು ಮುಗಿಯಲೇ ಇಲ್ಲ. ಏನಂದರು ಎಂದು ಆಮೇಲೆ ಎಷ್ಟು ಕಾಡಿದರೂ ಟೀಚರಕ್ಕ, ‘ಸೌತೆಕಾಯಿ ಕಹಿ ಐತೆ ಅಂದ್ರು’ ಎಂದು ನನ್ನ ಬಾಯಿ ಮುಚ್ಚಿಸಿದರು.

ಅಕ್ಕತಂಗಿಯರ ಮದುವೆ ಒಂದೇ ಮುಹೂರ್ತದಲ್ಲಿ ಅರಸೀಕೆರೆ ಹತ್ತಿರದ ಮಾಲೇಕಲ್ಲಿನ ದೇವಸ್ಥಾನದಲ್ಲಿ ನಡೆಯಿತು. ಭಾವ ಮುಖ ಊದಿಸಿಕೊಂಡೇ ಬಂದು, ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ಮುಂದೆ ನನಗೂ ಮದುವೆಯಾಗಿ ಮೈಸೂರು ಸೇರಿದೆ. ಮೊದಮೊದಲು ಹಬ್ಬಕ್ಕೊಂದು ಫೋನು, ಆಮೇಲೆ ಯಾವಾಗಲೋ ಒಂದು… ಆಮೇಲೆ ಅದೂ ಇಲ್ಲ. ಟೀಚರಕ್ಕ ತೀರಿಕೊಂಡರೆಂಬ ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಕಾರ್ಯ ಮುಗಿದ ಮೇಲೆ. ಹೋದ ತಿಂಗಳು ನಾನು ದಾವಣಗೆರೆಗೆ ಹೊರಟದ್ದು ಅವರ ಮನೆಗೇ.

ಆತನೇ ಬಾಗಿಲು ತೆಗೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ತಾವೇ ಟೀ ಮಾಡಿ ತಂದುಕೊಟ್ಟರು. ಆ ದಿನ ರೈಲಿನಲ್ಲಿ ಏನು ಮಾತಾಡಿದಿರಿ ಎಂಬ ಪ್ರಶ್ನೆ ಇಷ್ಟು ವರ್ಷವಾದರೂ ನನ್ನಲ್ಲಿ ಹಾಗೇ ಉಳಿದಿತ್ತು. ಇಂಥ ಹೊತ್ತಿನಲ್ಲಿ ಕೇಳುವುದು ಹೇಗೆಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

‘ಪ್ರತಿ ಸೋಮವಾರ ಬಾಣಾವರದಿಂದ ಜೊತೇಲೇ ಬರ್ತಿದ್ರಲ್ಲ, ನಿಮ್ ಹತ್ರ ಏನ್ ಮಾತಾಡೋಳು? ಬೀರೂರಿಂದ ಈಚೇದು ನಂಗೆ ಗೊತ್ತು. ಅದಕ್ಕೆ ಮೊದ್ಲಿಂದು ಗೊತ್ತಿಲ್ಲ. ಕೇಳಿದ್ರಾಯ್ತು, ಇಲ್ಲೇ ಇದಾಳಲ್ಲ ಅಂತಿದ್ದೆ…’

ನೆನಪಾದದ್ದನ್ನೆಲ್ಲ ಹೇಳಿದೆ. ಕಾಲ್ಬೆರಳಿನ ಮಾತು ಹೇಳಿದೆ, ತಂಗಿ ಬ್ಯಾಗು ಜೋಡಿಸಿಕೊಡುತ್ತಿದ್ದುದು ಹೇಳಿದೆ, ಬಸ್ಸು ತಪ್ಪಿ ಹಾಲಿನ ವ್ಯಾನಿನಲ್ಲಿ ಬಂದದ್ದು ಹೇಳಿದೆ. ಅವರು ಟೀ ಮುಟ್ಟದೆ ಕೇಳುತ್ತಿದ್ದರು. ನಾನು ನಿಲ್ಲಿಸಿದಾಗ, ‘ಇನ್ನೂ ಇರ್ಬೇಕು, ನೋಡಿ’ ಎಂದರು.

ಇತ್ತು. ಎಷ್ಟೋ ಸೋಮವಾರಗಳಿದ್ದವು. ನಾನು ಮರೆತುಬಿಟ್ಟಿದ್ದೆ.