ನಾನು ಓದದ ಮಾನಪತ್ರ

ಹೋದ ಮೇ ತಿಂಗಳಲ್ಲಿ ದೆಹಲಿಯ ಓಖ್ಲಾದ ನಮ್ಮ ಆಫೀಸಿನ ಕೆಳಗೆ ಒಬ್ಬ ಭಯ್ಯಾ ಕೂಲರಿನ ಪಕ್ಕದ ತಡಿಕೆಗಳನ್ನು ಬಿಚ್ಚಿ ಹೊಸ ಖಸ್, ಅಂದರೆ ನಮ್ಮ ಲಾವಂಚದ ಬೇರು, ತುಂಬುತ್ತಿದ್ದ. ತುಂಬಿ, ನೀರು ಬಿಟ್ಟು, ಫ್ಯಾನ್ ಹಾಕಿದ. ಒದ್ದೆ ಬೇರಿನ ಆ ತಣ್ಣನೆಯ ವಾಸನೆ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಫೈಲು, ಮೇಲೆ ಕಾಯುತ್ತಿದ್ದ ಬಾಸು ಎರಡನ್ನೂ ಮರೆತು ನಾನು ಆರ್.ಕೆ.ಪುರಂನ ಒಂದು ಸರ್ಕಾರಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ನಿಂತುಬಿಟ್ಟಿದ್ದೆ. ಆ ಕೋಣೆಯ ಬಗ್ಗೆ ಒಳ್ಳೆಯ ಮಾತು ಬರೆಯುವ ಮೊದಲು ನನ್ನ ಮೂರ್ಖತನವನ್ನು ಹೇಳಿ ಮುಗಿಸುತ್ತೇನೆ. ಒಂಬತ್ತನೆಯ ವಯಸ್ಸಿನಲ್ಲಿ ನಾನು ಅಲ್ಲಿ ಒಂದು ಸುಳ್ಳು ಹೇಳಿದೆ: ನನಗೆ ಕನ್ನಡ ಓದಲು ಬರುತ್ತದೆ ಅಂತ. ನಾಲ್ಕು ವರ್ಷ ಅದನ್ನು ಅನ್ನ ಹಾಕಿ ಸಾಕಿದೆ. ಕೊನೆಗೆ ನನ್ನ ಗುರುವಿಗೆ ಸನ್ಮಾನ ನಡೆದ ದಿನ, ತುಂಬಿದ ಸಭೆಯಲ್ಲಿ, ಆ ಸುಳ್ಳು ನನಗಿಂತ ಎತ್ತರ ಬೆಳೆದು ಮೈಕಿನ ಮುಂದೆ ನನ್ನ ಪಕ್ಕದಲ್ಲೇ ನಿಂತಿತು.

ಅದು ವಿಮಲಾ ಆಂಟಿಯ ಮನೆ. ಅವರ ಗಂಡ ನಾಗರಾಜ ಅಂಕಲ್ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಎರಡನೆಯ ಮಹಡಿ, ಎರಡೇ ಕೋಣೆ, ಹಿಂದೊಂದು ಬಾಲ್ಕನಿ, ಬಾಲ್ಕನಿಯೊಳಕ್ಕೇ ಕೊಂಬೆ ಚಾಚಿದ ಬೇವಿನ ಮರ. ಪ್ರತಿ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಸೇರಿ ಮುಂದಿನ ಕೋಣೆಯ ಮಂಚವನ್ನು ಅಡ್ಡ ಮಲಗಿಸಿ ಬಾಲ್ಕನಿಗೆ ಸಾಗಿಸುತ್ತಿದ್ದರು. ಖಾಲಿಯಾದ ಆ ಜಾಗವೇ ನಮ್ಮ ಶಾಲೆ. ಹಾಡು, ಕುಣಿತ, ನಾಟಕ, ಎಲ್ಲವೂ ಕನ್ನಡದಲ್ಲಿ. ಬರುತ್ತಿದ್ದವರು ಮಾತ್ರ, ಅಮ್ಮ ಕನ್ನಡದಲ್ಲಿ ಕೂಗಿದರೆ ‘ಆ ರಹಾ ಹೂಂ’ ಎಂದು ಓಗೊಡುವ ಹದಿನೈದಿಪ್ಪತ್ತು ಮಕ್ಕಳು. ಬೋರ್ಡಿರಲಿಲ್ಲ, ಹೆಸರಿರಲಿಲ್ಲ, ಸಂಡೇ ಕ್ಲಾಸ್ ಅನ್ನುತ್ತಿದ್ದೆವು. ಸೀರೆ ಡಬ್ಬದ ರಟ್ಟು ಕತ್ತರಿಸಿ ಕಿರೀಟ, ಹತ್ತಿ ಅಂಟಿಸಿ ಮೀಸೆ. ಕೂಲರಿನ ಒದ್ದೆ ಗಾಳಿಗೆ ಮೀಸೆಯ ಗೋಂದು ಒಣಗದೆ ನಮ್ಮ ರಾಜ ಮಾತಿನ ಮಧ್ಯೆ ಮೇಲ್ದುಟಿ ಒತ್ತಿಕೊಳ್ಳುತ್ತಲೇ ರಾಜ್ಯಭಾರ ಮಾಡುತ್ತಿದ್ದ. ಒಳಗಿನಿಂದ ಅವಲಕ್ಕಿಯ ಒಗ್ಗರಣೆ ವಾಸನೆ ಬಂದರೆ ಕ್ಲಾಸು ಮುಗಿಯುತ್ತ ಬಂತೆಂದು ಅರ್ಥ. ತಮ್ಮ ಮನೆಯಲ್ಲೇ ಕೂರಲು ಜಾಗವಿಲ್ಲದ ಅಂಕಲ್ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಪೇಪರ್ ಓದುತ್ತ ಕೂತಿರುತ್ತಿದ್ದರು. ಯಾರಾದರೂ ಹತ್ತಿ ಬಂದರೆ ಮೊಣಕಾಲು ಸರಿಸಿ ದಾರಿ ಬಿಡುತ್ತಿದ್ದರು. ಆಂಟಿಯನ್ನು ನೆನೆದರೆ ನನಗೆ ಕಾಣುವುದು ಅವರ ತುಟಿ. ನಾವು ಮಾತಾಡುವಾಗ ಅವರು ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಮಾತಿಗೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ಮಾತು ಮರೆತವರು ಅತ್ತ ನೋಡಿದರೆ ಸಾಕು, ಸಿಕ್ಕಿಬಿಡುತ್ತಿತ್ತು. ರಾಜನೂ ಅವರೇ, ರಾಣಿಯೂ ಅವರೇ, ಬಾಗಿಲು ಕಾಯುವವನೂ ಅವರೇ.

ಕನ್ನಡ ಓದಲು ಬಾರದವರಿಗೆ ಆಂಟಿ ಅವರವರ ಮಾತುಗಳನ್ನು ಹಿಂದಿ ಅಕ್ಷರದಲ್ಲಿ ಬರೆದು ಕೊಡುತ್ತಿದ್ದರು. ‘ಳ’ ಬಂದ ಕಡೆ ಹಿಂದಿಯ ‘ಲ’ ಬರೆದು ಕೆಳಗೊಂದು ಕೆಂಪು ಚುಕ್ಕೆ. ಅದನ್ನು ನೋಡಿದ ಕೂಡಲೇ ನಾಲಿಗೆ ಮಡಚಬೇಕು. ಶನಿವಾರವೆಲ್ಲ ಕೂತು ಅಷ್ಟೂ ಮಕ್ಕಳ ನೋಟುಬುಕ್ಕಿಗೆ ಚುಕ್ಕೆ ಇಡುತ್ತಿದ್ದರು. ಭಾನುವಾರದ ಮೊದಲ ಅರ್ಧ ಗಂಟೆ ಅಕ್ಷರದ ಪಾಠ. ಅದರಲ್ಲಿ ಪಾಸಾದವರಿಗೆ ಹಿಂದಿ ನೋಟುಬುಕ್ಕು ಹೋಗಿ, ಕನ್ನಡದಲ್ಲೇ ಬರೆದ ನೀಲಿ ನೋಟುಬುಕ್ಕು ಬರುತ್ತಿತ್ತು. ಕೆಳಗಿನ ಮನೆಯ ಸಂಧ್ಯಕ್ಕನಿಗೆ, ನನಗಿಂತ ನಾಲ್ಕು ವರ್ಷ ದೊಡ್ಡವಳು, ಅದು ಬಂತು. ನನಗೂ ಬೇಕೆನಿಸಿತು. ಬೇಕಾದದ್ದು ನೋಟುಬುಕ್ಕು, ಅಕ್ಷರವಲ್ಲ. ನಾನು ಆಗಲೇ ಹೆಸರಾಂತ ನಕಲಿಗ. ಸಬ್ಜಿ ಭಯ್ಯಾನ ಕೂಗು, ಬಸ್ ಕಂಡಕ್ಟರನ ಬೈಗುಳ, ನಮ್ಮಪ್ಪ ಆಫೀಸರಿನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಕೂತಲ್ಲೇ ಬೆನ್ನು ಬಗ್ಗಿಸುವ ರೀತಿ, ಒಮ್ಮೆ ಕೇಳಿದ್ದು ನೋಡಿದ್ದು ಬಿಡುತ್ತಿರಲಿಲ್ಲ. ಪರೀಕ್ಷೆಯ ದಿನ ನನಗಿಂತ ಮೊದಲು ಸಂಧ್ಯಕ್ಕ ಪುಟ ಓದಿದಳು. ನಾನು ಅದನ್ನೇ, ಅವಳು ಉಸಿರು ತೆಗೆದುಕೊಂಡ ಜಾಗವನ್ನೂ ಬಿಡದೆ, ಒಪ್ಪಿಸಿದೆ. ಬೆರಳು ಸಾಲಿನ ಕೆಳಗೆ ಗಂಭೀರವಾಗಿ ಓಡುತ್ತಿತ್ತು. ಎಲ್ಲಿಗೆ ಓಡುತ್ತಿದ್ದೇನೆಂದು ಬೆರಳಿಗೂ ಗೊತ್ತಿರಲಿಲ್ಲ. ಆಂಟಿ ಕಣ್ಣರಳಿಸಿ, ‘ಪಚ್ಚು, ಇಷ್ಟು ಬೇಗ ಕಲಿತುಬಿಟ್ಯೇನೋ!’ ಅಂದರು. ಅಲ್ಲಿಂದ ನಾಲ್ಕು ವರ್ಷ ಸಂಧ್ಯಕ್ಕನೇ ಮೆಟ್ಟಿಲ ಮೇಲೆ ಕೂತು ನನ್ನ ಮಾತುಗಳನ್ನು ಒಂದು ಸಲ ಓದಿ ಹೇಳುತ್ತಿದ್ದಳು. ಅದಕ್ಕೆ ಪ್ರತಿಯಾಗಿ ನಾನು ಅವಳ ಗಣಿತದ ಮೇಡಂ ಆಗಿ ಒಂದು ಸಲ ಬೈಯಬೇಕಿತ್ತು.

ನಿಮ್ಮಲ್ಲಿ ಯಾರಾದರೂ ಕ್ವಾರ್ಟರ್ಸಿನಲ್ಲಿ ಬೆಳೆದಿದ್ದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗೋಡೆಗೆ ಮೊಳೆ ಹೊಡೆಯುವಾಗಲೂ ಇದು ನಮ್ಮದಲ್ಲ ಅನ್ನುವುದು ಸುತ್ತಿಗೆಗೆ ಗೊತ್ತಿರುತ್ತದೆ. ನನಗೆ ಹದಿಮೂರಾದ ವರ್ಷ ಅಂಕಲ್ ನಿವೃತ್ತಿಯ ದಿನ ಹತ್ತಿರ ಬಂತು. ಮನೆ ಖಾಲಿ ಮಾಡಿ ಅವರು ಮೈಸೂರಿಗೆ ಹೋಗಬೇಕು. ಕ್ಲಾಸನ್ನು ಸಂಧ್ಯಕ್ಕ ನಡೆಸುವುದೆಂದಾಯಿತು. ಆದರೆ ಎಲ್ಲಿ? ನಮ್ಮ ಕಡೆಯ ಕನ್ನಡ ಸಂಘದ ಕಟ್ಟಡದ ಹಿಂದೆ ಮುರಿದ ಕುರ್ಚಿ, ಹಳೆಯ ಬ್ಯಾನರು ತುಂಬಿದ ಒಂದು ಕೋಣೆಯಿತ್ತು. ಆಂಟಿ ಅದನ್ನು ಕೇಳಿದರು. ಅಷ್ಟು ವರ್ಷದಲ್ಲಿ ಅವರು ಸಂಘವನ್ನು ಕೇಳಿದ್ದು ಅದೊಂದನ್ನೇ. ಸಂಘ ಅದುವರೆಗೆ ನಮಗೆ ಕೊಡುತ್ತಿದ್ದದ್ದು ರಾಜ್ಯೋತ್ಸವದ ದಿನ ಭಾಷಣಕ್ಕೂ ಊಟಕ್ಕೂ ನಡುವಿನ ಹತ್ತು ನಿಮಿಷ. ಹುಳಿಯ ವಾಸನೆ ಬರತೊಡಗಿದ ಸಭೆಯ ಮುಂದೆ ನಾಟಕ ಆಡುವುದು ಏನೆಂದು ಆಡಿದವರೇ ಬಲ್ಲರು. ಸಮಿತಿಯ ಕೆಲವರು, ಕೋಣೆ ಇರುವುದು ಕನ್ನಡ ಕಲಿಸಲು, ಕುಣಿಸಲು ಅಲ್ಲ ಎಂದು ತಕರಾರು ತೆಗೆದರು. ಆಗ ಅಧ್ಯಕ್ಷರು, ನಿವೃತ್ತ ಅಧಿಕಾರಿಗಳು, ಮೈಕಿನ ಮುಂದೆ ಮೂರು ಸಲ ಕೆಮ್ಮದೆ ಮಾತು ತೆಗೆಯದವರು, ಒಂದು ದಾರಿ ಹುಡುಕಿದರು. ಈ ರಾಜ್ಯೋತ್ಸವದಲ್ಲಿ ವಿಮಲಮ್ಮನವರಿಗೆ ಸನ್ಮಾನ. ಮಾನಪತ್ರವನ್ನು ಅವರ ಶಿಷ್ಯನೇ ನಿಂತು ಓದಲಿ. ಮಕ್ಕಳಿಗೆ ಅಕ್ಷರ ಬರುತ್ತದೋ ಇಲ್ಲವೋ ಸಮಿತಿ ಕಣ್ಣಾರೆ ನೋಡಲಿ. ಆಮೇಲೆ ಕೋಣೆಯ ಮಾತು.

‘ಪಚ್ಚು ಓದ್ತಾನೆ,’ ಅಂದರು ಆಂಟಿ. ಯೋಚನೆ ಕೂಡ ಮಾಡಲಿಲ್ಲ. ‘ಅವನ ದನಿ ಕೊನೇ ಸಾಲಿಗೂ ಕೇಳುತ್ತೆ.’ ಆಗ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮೆಟ್ಟಿಲ ಮೇಲೆ ಸಂಧ್ಯಕ್ಕ ನನ್ನ ಕಿವಿ ಹಿಡಿದು, ‘ಹೇಳಿಬಿಡೋ, ಕತ್ತೆ. ಇದು ನಾಟಕ ಅಲ್ಲ, ಕೋಣೆ ಹೋಗುತ್ತೆ’ ಅಂದಳು. ನಾನು, ‘ನೀನು ಒಂದ್ಸಲ ಓದಿಬಿಡು ದೀದಿ, ಬಸ್ ಏಕ್ ಬಾರ್’ ಅಂದೆ. ಆದರೆ ಅಧ್ಯಕ್ಷರು ಅದನ್ನು ತಾವೇ ಹದಿನೈದು ದಿನ ಕೂತು ರಚಿಸಿ, ತಾವೇ ಅಂದವಾಗಿ ಬರೆದು, ಗಾಜು ಕಟ್ಟಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಸಭೆಗೆ ಮೊದಲು ಯಾರೂ ನೋಡುವ ಹಾಗಿಲ್ಲ. ನಮ್ಮ ಊರಿನಲ್ಲಿ ಸರ್ಕಾರಿ ಗುಟ್ಟುಗಳನ್ನು ಕೂಡ ಅಷ್ಟು ಜೋಪಾನ ಮಾಡಿದ್ದು ನಾನು ಕಾಣೆ.

ಸನ್ಮಾನದ ದಿನ ಆಂಟಿ ಮರೂನ್ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ, ಹಾರ ಹಾಕಿ, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಸೇಬು ಉರುಳದಂತೆ ಅವರು ಎರಡೂ ಕೈಯಲ್ಲಿ ಬುಟ್ಟಿ ತಬ್ಬಿಕೊಂಡು ಕೂತಿದ್ದರು. ಸಂಕೋಚಕ್ಕೆ ತಲೆ ಎತ್ತಿರಲಿಲ್ಲ. ಅಂಕಲ್ ಮೊದಲ ಸಾಲಿನಲ್ಲಿ ಕೂತಿದ್ದರು, ಯಾರೋ ಹತ್ತಿ ಬರುತ್ತಾರೆ ಅನ್ನುವ ಹಾಗೆ ಮೊಣಕಾಲು ಸರಿಸಿಕೊಂಡು. ಅಧ್ಯಕ್ಷರು ಬಟ್ಟೆ ಬಿಚ್ಚಿ ಫ್ರೇಮನ್ನು ನನ್ನ ಕೈಗಿಟ್ಟರು. ಗಾಜಿನಲ್ಲಿ ಕಂಡದ್ದು ನನ್ನದೇ ಮುಖ, ಅದರ ಹಿಂದೆ ಸಾಲು ಸಾಲಾಗಿ ಜಿಲೇಬಿ. ನಾನು ಮೂರು ಸಲ ಕೆಮ್ಮಿದೆ. ಸಭೆ ಗೊಳ್ಳೆಂದಿತು. ಅಧ್ಯಕ್ಷರದೇ ದನಿಯಲ್ಲಿ, ‘ಸನ್ಮಾನ್ಯರೇ! ಕನ್ನಡ ತಾಯಿಯ ಹೆಮ್ಮೆಯ ಮಗಳೇ!’ ಎಂದು ಶುರು ಮಾಡಿದೆ. ಪ್ರತಿ ವರ್ಷ ಯಾರಿಗಾದರೂ ಮಾನಪತ್ರ ಓದಿದ್ದು ಕಿವಿಯಲ್ಲಿತ್ತಲ್ಲ, ಅದನ್ನೇ ಬಿಟ್ಟೆ. ಜನ ನಕ್ಕು ಚಪ್ಪಾಳೆ ಹೊಡೆದರು. ಮೂರನೆಯ ವಾಕ್ಯಕ್ಕೆ ಸರಕು ಮುಗಿಯಿತು.

ರೂಢಿಯಂತೆ ಆಂಟಿಯ ತುಟಿ ನೋಡಿದೆ. ಅದು ಅಲುಗುತ್ತಿರಲಿಲ್ಲ. ನಾನು ಮುಂದೇನು ಹೇಳಬೇಕೆಂದು ಮೊದಲ ಸಲ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಹೇಳಿದ್ದು ಯಾರ ದನಿಯಲ್ಲೋ ನನಗೆ ನೆನಪಿಲ್ಲ. ನನ್ನದೇ ಇರಬೇಕು, ಯಾರೂ ನಗಲಿಲ್ಲ. ‘ಆಂಟಿ ಸಂಡೇ ಸಂಡೇ ಮಂಚ ಹೊರಗೆ ಇಡ್ತಾರೆ. ಅಂಕಲ್ ಮೆಟ್ಟಿಲ ಮೇಲೆ ಕೂರ್ತಾರೆ, ಒಂದಿನಾನೂ ಸಿಟ್ಟು ಮಾಡಿಲ್ಲ. ನಾವು ಮಾತು ಮರೆತರೆ ಆಂಟಿ ಬೈಯಲ್ಲ, ಸುಮ್ನೆ ಪಕ್ಕದಲ್ಲಿ ನಿಂತಿರ್ತಾರೆ. ನಾನು ಮನೇಲಿ ಕನ್ನಡ ಮಾತಾಡ್ತಿರಲಿಲ್ಲ. ಈಗ ಅಜ್ಜಿ ಫೋನ್ ಮಾಡಿದ್ರೆ ನಾನೇ ಎತ್ತೋದು. ಮುಂದಿನ ವರ್ಷ ಆ ಮನೆ ಇರಲ್ಲ. ಸಂಡೇ ನಾವು ಎಲ್ಲಿಗೆ ಹೋಗಬೇಕು, ನಂಗೆ ಗೊತ್ತಿಲ್ಲ.’ ಅಷ್ಟೇ. ‘ಇತಿ ತಮ್ಮ ವಿಶ್ವಾಸಿಗಳು’ ಎಂದು ಕೈ ಮುಗಿದು ಇಳಿದೆ. ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಎದ್ದು ಮುಂದೆ ಬಂತು. ಆ ದಿನ ಹುಳಿ ಆರಿದರೂ ಯಾರೂ ಎದ್ದು ಹೋಗಲಿಲ್ಲ. ಎಲ್ಲರೂ ಅದೇ ಮಾನಪತ್ರ ಅಂದುಕೊಂಡರು, ಬರೆದವರೊಬ್ಬರನ್ನು ಬಿಟ್ಟು.

ಕೋಣೆ ಸಿಕ್ಕಿತು. ಹೇಗೆ ಸಿಕ್ಕಿತೆಂಬುದನ್ನು ಕೊನೆಗೆ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಕಳೆದುಹೋದದ್ದರ ಲೆಕ್ಕ. ಸಂಧ್ಯಕ್ಕ ಅಲ್ಲಿ ಮೂರು ವರ್ಷ ಕ್ಲಾಸು ನಡೆಸಿದಳು. ಆಮೇಲೆ ಒಬ್ಬೊಬ್ಬರಾಗಿ ಭಾನುವಾರದ ಕೋಚಿಂಗಿಗೆ ಹೊರಟೆವು. ಮೊದಲು ಕೋಚಿಂಗ್ ಸೆಂಟರುಗಳ ಲಕ್ಷ್ಮೀ ನಗರದ ಬಸ್ಸು ಹತ್ತಿದ್ದು ಯಾರು ಅಂತ ಕೇಳಬೇಡಿ. ಎಲ್ಲರ ಮುಖವಾಡ ಎಳೆಯುವವನು ತನ್ನದನ್ನೂ ಎಳೆಯಬೇಕಲ್ಲ, ನಾನೇ. ಮನೆ ಖಾಲಿ ಮಾಡುವ ಮೊದಲಿನ ಕೆಲವು ತಿಂಗಳು ಆಂಟಿ ನನ್ನೊಬ್ಬನನ್ನೇ ಕೂರಿಸಿಕೊಂಡು ಅಕ್ಷರ ಕಲಿಸಿದರು. ಪಠ್ಯ ಆ ಮಾನಪತ್ರವೇ. ಬೇರೆ ಮಕ್ಕಳು ಅರಸ, ಆನೆಯಿಂದ ಶುರು ಮಾಡಿದರೆ ನಾನು ‘ಬಹುಮುಖ ಪ್ರತಿಭಾಸಂಪನ್ನೆ’ಯಿಂದ ಶುರು ಮಾಡಿದೆ. ಅವರು ಹೊರಟ ದಿನ ಮಂಚ ಕೆಳಗಿಳಿಯಿತು. ಕೋಣೆ ಭಾನುವಾರದ ಹಾಗೆಯೇ ಖಾಲಿಯಾಗಿತ್ತು, ದಿನ ಮಾತ್ರ ಬುಧವಾರ. ಕೆಲವು ವರ್ಷಗಳ ಮೇಲೆ ಅಂಕಲ್ ಮೈಸೂರಿನಿಂದ ಫೋನ್ ಮಾಡಿ ಆಂಟಿ ಇನ್ನಿಲ್ಲ ಅಂದರು. ಯಾರ ದನಿಯಾದರೂ ಹಿಡಿಯುವ ನನಗೆ ಆ ದನಿ ಮಾತ್ರ ಹಿಡಿಯಲು ಆಗಲಿಲ್ಲ, ಹಿಡಿಯಬಾರದು ಕೂಡ. ಈಗ ಆ ಕ್ವಾರ್ಟರ್ಸನ್ನೇ ಕೆಡವಿದ್ದಾರೆ. ತಗಡಿನ ಬೇಲಿಯ ಸಂದಿನಿಂದ ನೋಡಿದೆ. ಎರಡನೆಯ ಮಹಡಿ ಇದ್ದಲ್ಲಿ ಬರೀ ಗಾಳಿ. ಬೇವಿನ ಮರ ಇತ್ತೋ ಇಲ್ಲವೋ, ನೋಡುವ ಧೈರ್ಯ ಬರಲಿಲ್ಲ.

ಕೋಣೆ ಸಿಕ್ಕಿದ್ದು ಹೀಗೆ. ಸನ್ಮಾನವಾದ ಮರುವಾರದ ಭಾನುವಾರ ಅಧ್ಯಕ್ಷರು ಮೆಟ್ಟಿಲು ಹತ್ತಿ ಬಂದರು. ಅಂಕಲ್ ಪೇಪರ್ ಮಡಚಿ ಅವರ ಹಿಂದೆಯೇ ಒಳಗೆ ಬಂದರು. ನಾವು ಸಾಲಾಗಿ ನಿಂತಿದ್ದೆವು. ಫ್ರೇಮನ್ನು ಗೋಡೆಗೆ ಒರಗಿಸಿಟ್ಟಿದ್ದರು. ಖಾಲಿ ಮಾಡುವ ಮನೆಗೆ ಮೊಳೆ ಹೊಡೆಯುವವರು ಯಾರು?

‘ಅಮ್ಮಾ, ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಅವನು ಓದಲಿಲ್ಲ,’ ಅಂದರು ಅಧ್ಯಕ್ಷರು, ಕೂರದೆ.

‘ಹೆದರಿಬಿಟ್ಟ, ಸರ್. ಹುಡುಗ,’ ಅಂದರು ಆಂಟಿ. ಅವರು ನಿಜವಾಗಿ ಹಾಗೇ ನಂಬಿದ್ದರು.

‘ಹೆದರಿದವನು ಹಾಗೆ ಮಾತಾಡ್ತಾನಾ? ಬಾರಪ್ಪಾ ಇಲ್ಲಿ. ಇದೊಂದು ಸಾಲು ಓದು.’

ನಾನು ಮೊಣಕಾಲೂರಿ ಗಾಜಿನ ಮೇಲೆ ಬೆರಳಿಟ್ಟೆ. ಆ ಸಾಲನ್ನು ನನಗಿಂತ ಮೊದಲು ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಸಂಧ್ಯಕ್ಕನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

‘ನಂಗೆ ಬರಲ್ಲ, ಆಂಟಿ.’

‘ಯಾವುದು, ಆ ಒತ್ತಕ್ಷರಾನಾ?’

‘ಯಾವುದೂ ಬರಲ್ಲ. ಮೊದಲಿಂದಾನೂ ಬರ್ತಿರಲಿಲ್ಲ.’

ಆಂಟಿ ಕನ್ನಡಕ ತೆಗೆದರು. ಸೆರಗಿನ ತುದಿಯಿಂದ ಒಂದು ಗಾಜು ಒರೆಸಿದರು, ಇನ್ನೊಂದನ್ನು ಒರೆಸಿದರು. ಅಷ್ಟು ಹೊತ್ತು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನಾನು ಇಷ್ಟು ವರ್ಷಕ್ಕೆ ಮರೆತಿರುತ್ತಿದ್ದೆ.

‘ನೋಡಿದ್ರಾ?’ ಅಂದರು ಅಧ್ಯಕ್ಷರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಬೇಸರವೇ ಇತ್ತು. ‘ಇಷ್ಟು ವರ್ಷ ನಿಮ್ಮ ಕಣ್ಣೆದುರಿಗೇ ಓದೋ ಹಾಗೆ ನಟಿಸಿದಾನೆ. ನಿಮಗೇ ಗೊತ್ತಾಗಿಲ್ಲ. ಸಮಿತಿಯವರು ಕೇಳಿದ್ರೆ ನಾನು ಏನಂತ ಹೇಳಲಿ? ಇದರ ಅರ್ಥ ಏನಮ್ಮಾ?’

ಆಂಟಿ ಕನ್ನಡಕ ಹಾಕಿಕೊಂಡು ಅವರನ್ನೇ ನೇರವಾಗಿ ನೋಡಿದರು.

‘ನಟನೆ ಕಲಿಸಿ ಆಯ್ತು, ಓದು ಕಲಿಸೋದು ಬಾಕಿ ಇದೆ ಅಂತ ಅರ್ಥ, ಸರ್. ಕೋಣೆ ಕೇಳ್ತಿರೋದು ಅದಕ್ಕೇ.’